ಡ್ರಾಫ್ಟ್ ಲೀಗ್‌ನಲ್ಲಿ ಸ್ಟಾರ್ ಆಟಗಾರನ ಟ್ರೇಡ್: ಕೈ ಸುಟ್ಟುಕೊಳ್ಳದೆ ಮಾಡುವ ಕ್ರಮ

ನಿಜವಾದ ಫುಟ್‌ಬಾಲ್ ಆಟಗಾರರನ್ನು ಗೆಳೆಯರು ಆರಿಸಿಕೊಂಡು, ಅವರು ಮೈದಾನದಲ್ಲಿ ಆಡಿದ್ದಕ್ಕೆ ಅಂಕ ಪಡೆಯುವ ಫ್ಯಾಂಟಸಿ ಆಟದ ಒಂದು ಬಗೆ ಡ್ರಾಫ್ಟ್ ಲೀಗ್. ಇಬ್ಬರು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವುದು ಟ್ರೇಡ್. ಲೀಗ್ ಶುರುವಾಗಿ ನಾಲ್ಕೈದು ವಾರ ಆಗುವಷ್ಟರಲ್ಲಿ ವಾಟ್ಸಾಪ್ ಗ್ರೂಪಿನಲ್ಲಿ ಎರಡು ಬಗೆಯ ಗೋಳು ಕೇಳಿಬರುತ್ತದೆ. ಒಬ್ಬರು ಸ್ಟಾರ್ ಆಟಗಾರನನ್ನು ಕೊಟ್ಟು ಇಬ್ಬರು ಒಳ್ಳೆಯವರನ್ನು ತಗೊಂಡಿರುತ್ತಾರೆ. ಕೂಡಿ ನೋಡಿದರೆ ಲಾಭ, ವಾರದ ಅಂಕ ಮಾತ್ರ ಇಳಿಯುತ್ತಲೇ ಹೋಗುತ್ತದೆ. ಇನ್ನೊಬ್ಬರು ಸಲಾನಂಥ ಸ್ಟಾರ್ ಬೇಕೇ ಬೇಕು ಎಂದು ಅರ್ಧ ತಂಡ ಒತ್ತೆ ಇಟ್ಟು, ಈಗ ಹನ್ನೊಂದು ಜನರನ್ನು ಇಳಿಸಲು ತಿಣುಕುತ್ತಿರುತ್ತಾರೆ. ಇವರಿಬ್ಬರಿಗೂ ಫುಟ್‌ಬಾಲ್ ಗೊತ್ತು. ಎಡವಿದ್ದು ಅನುಕ್ರಮದಲ್ಲಿ: ಆಫರ್ ಮೊದಲು ಕಳಿಸಿದರು, ಲೆಕ್ಕ ಆಮೇಲೆ ಹಾಕಿದರು.

ಇಲ್ಲಿರುವುದೆಲ್ಲ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನ ಅಧಿಕೃತ ಫ್ಯಾಂಟಸಿ ಡ್ರಾಫ್ಟ್ ಆಟಕ್ಕೆ ಸಂಬಂಧಿಸಿದ್ದು. ಇದರದೇ ಇನ್ನೊಂದು ಬಗೆಯಾದ ಕ್ಲಾಸಿಕ್ ಆಟದಲ್ಲಿ 100 ಮಿಲಿಯನ್ ಪೌಂಡ್ ಬಜೆಟ್ ಇರುತ್ತದೆ, ಸ್ಟ್ರೈಕರ್ ಹಾಲಂಡ್ ಎಲ್ಲರ ತಂಡದಲ್ಲೂ ಇರಬಹುದು, ಒಬ್ಬರಿಂದ ಒಬ್ಬರಿಗೆ ಕೊಡು-ಕೊಳ್ಳುವ ಮಾತೇ ಇಲ್ಲ. ಡ್ರಾಫ್ಟ್‌ನಲ್ಲಿ ಒಬ್ಬ ಆಟಗಾರ ನಿಮ್ಮ ಲೀಗ್‌ನ ಒಬ್ಬರ ಕೈಯಲ್ಲಿ ಮಾತ್ರ ಇರುತ್ತಾನೆ. ಬಜೆಟ್ ಇಲ್ಲ, ಕ್ಯಾಪ್ಟನ್ ಕೂಡ ಇಲ್ಲ.

ಈ ಕೊನೆಯದನ್ನು ಮರೆಯುವವರೇ ಜಾಸ್ತಿ. ಕ್ಲಾಸಿಕ್‌ನಲ್ಲಿ ಸ್ಟಾರ್ ಆಟಗಾರನಿಗೆ ಅಷ್ಟು ಬೆಲೆ ಬರುವುದು ಕ್ಯಾಪ್ಟನ್ ಮಾಡಿದಾಗ ಅವನ ಅಂಕ ದುಪ್ಪಟ್ಟಾಗುವುದರಿಂದ. ಡ್ರಾಫ್ಟ್‌ನಲ್ಲಿ 12 ಅಂಕ ಅಂದರೆ 12 ಅಷ್ಟೇ. ಕ್ಲಾಸಿಕ್ ಆಡಿ ಬಂದ ಕಣ್ಣಿಗೆ ಸ್ಟಾರ್ ಯಾವಾಗಲೂ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತಾನೆ. ಕೊಳ್ಳುವಾಗ ಇದು ಅಪಾಯ, ಮಾರುವಾಗ ಅನುಕೂಲ.

## ಕೂರುವ ಮುಂಚೆ ಕೈಗೆ ಬೇಕಾದವು

ಒಂದು ಸ್ಪ್ರೆಡ್‌ಶೀಟ್ ಅಥವಾ ರೂಲ್ಡ್ ನೋಟ್‌ಬುಕ್. ನಿಮ್ಮ ಲೀಗ್‌ನ ಎಲ್ಲ ತಂಡಗಳ 15 ಜನರ ಪಟ್ಟಿ. ಮುಂದಿನ ಆರು ಗೇಮ್‌ವೀಕ್‌ಗಳ, ಅಂದರೆ ಲೀಗ್‌ನ ಆರು ಸುತ್ತುಗಳ ವೇಳಾಪಟ್ಟಿ. ಫ್ಯಾಂಟಸಿ ಸೈಟ್‌ನಲ್ಲೇ ಇರುವ ಅಂಕಿಅಂಶಗಳ ಪುಟ: ಆಡಿದ ನಿಮಿಷ, ಎಕ್ಸ್‌ಜಿ ಅಂದರೆ ಸಿಕ್ಕ ಅವಕಾಶಗಳ ಪ್ರಕಾರ ಬರಬೇಕಿದ್ದ ಗೋಲ್, ಹಾಗೇ ಬರಬೇಕಿದ್ದ ಅಸಿಸ್ಟ್. ಇವೆಲ್ಲ ಪುಕ್ಕಟೆ. ದುಡ್ಡು ಕೊಟ್ಟು ‘ಟ್ರೇಡ್ ಕ್ಯಾಲ್ಕುಲೇಟರ್’ ಕೊಳ್ಳಬೇಡಿ. ಅವುಗಳಿಗೆ ನಿಮ್ಮ ಲೀಗ್‌ನಲ್ಲಿ ಎಷ್ಟು ಜನ ಇದ್ದಾರೆ, ಯಾರ ಕೈಯಲ್ಲೂ ಇಲ್ಲದೆ ಖಾಲಿ ಯಾರಿದ್ದಾರೆ ಎನ್ನುವುದು ಗೊತ್ತಿರುವುದಿಲ್ಲ, ಬೆಲೆ ನಿಂತಿರುವುದೇ ಅದರ ಮೇಲೆ.

## ಹಂತ 1: ನಿಮ್ಮ ಲೀಗ್‌ನ ಕಟ್ಟುಪಾಡು ಓದಿ

ಲೀಗ್ ಸೆಟ್ಟಿಂಗ್ಸ್ ತೆರೆದು ಮೂರು ವಿಷಯ ನೋಡಿ. ಟ್ರೇಡ್‌ಗೆ ಅವಕಾಶ ಇದೆಯಾ, ಇದ್ದರೆ ಅಡ್ಮಿನ್ ಅಥವಾ ಉಳಿದವರು ವೀಟೋ ಹಾಕಿ ತಡೆಯಬಹುದಾ? ಅಂಕದ ಲೆಕ್ಕ ಒಟ್ಟು ಮೊತ್ತದ್ದಾ, ವಾರಕ್ಕೊಬ್ಬ ಎದುರಾಳಿಯ ಜೊತೆ ಸೆಣಸುವ ಹೆಡ್ ಟು ಹೆಡ್ಡಾ? ಲೀಗ್‌ನಲ್ಲಿ ಎಷ್ಟು ತಂಡ?

ತಂಡದಲ್ಲಿ ಇಬ್ಬರು ಗೋಲ್‌ಕೀಪರ್, ಐವರು ಡಿಫೆಂಡರ್, ಐವರು ಮಿಡ್‌ಫೀಲ್ಡರ್, ಮೂವರು ಫಾರ್ವರ್ಡ್ ಇರಲೇಬೇಕು. ಟ್ರೇಡ್ ಮುಗಿದ ಮೇಲೂ ಎರಡೂ ಕಡೆ ಈ ಲೆಕ್ಕ ಕೂಡಿಬರಬೇಕು. ಹಾಗಾಗಿ ‘ಒಬ್ಬನಿಗೆ ಇಬ್ಬರು’ ಎನ್ನುವುದು ಬಾಯಿಮಾತು ಅಷ್ಟೇ. ಕಾಗದದ ಮೇಲೆ ಅದು ‘ಸ್ಟಾರ್ ಮತ್ತು ಒಬ್ಬ ಡಮ್ಮಿ ಕೊಟ್ಟು ಇಬ್ಬರು ಮಧ್ಯಮದವರು’ ಎಂದಾಗುತ್ತದೆ. ಲೆಕ್ಕ ತುಂಬಿಸಲು ಹಾಕುವ ಆ ಡಮ್ಮಿ ಯಾರು ಎನ್ನುವುದರಲ್ಲೇ ಅರ್ಧ ವ್ಯಾಪಾರ ಇದೆ.

ಗಡುವಿನ ಸಮಯವನ್ನು ಭಾರತದ ಗಡಿಯಾರಕ್ಕೆ ತಿರುಗಿಸಿ ಬರೆದಿಟ್ಟುಕೊಳ್ಳಿ. ಗೇಮ್‌ವೀಕ್‌ನ ಮೊದಲ ಪಂದ್ಯಕ್ಕೆ 90 ನಿಮಿಷ ಮುಂಚೆ ಡೆಡ್‌ಲೈನ್. ಶನಿವಾರ ಅಲ್ಲಿಯ ಮಧ್ಯಾಹ್ನ 12.30ಕ್ಕೆ ಮೊದಲ ಪಂದ್ಯ ಇದ್ದರೆ ನಮಗೆ ಡೆಡ್‌ಲೈನ್ ಮಧ್ಯಾಹ್ನ 3.30. ಅಕ್ಟೋಬರ್ ಕೊನೆಯ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಸಂಜೆ 4.30. ಶುಕ್ರವಾರ ರಾತ್ರಿ 8ರ ಪಂದ್ಯ ಇದ್ದರೆ ನಮಗೆ ರಾತ್ರಿ 11, ಚಳಿಗಾಲದಲ್ಲಿ ಸರಿಯಾಗಿ 12. ವೇವರ್, ಅಂದರೆ ಖಾಲಿ ಇರುವ ಆಟಗಾರರಿಗೆ ಹಾಕುವ ಅರ್ಜಿ, ಇದಕ್ಕೂ 24 ಗಂಟೆ ಮುಂಚೆ ಇತ್ಯರ್ಥವಾಗುತ್ತದೆ. ಮೈಸೂರು-ಬೆಂಗಳೂರು ರೈಲಿನಲ್ಲಿ ಶನಿವಾರ ಕೂತು ‘ಮಂಡ್ಯ ದಾಟಲಿ, ನೋಡೋಣ’ ಎಂದುಕೊಂಡವರು ತಪ್ಪಿಸಿಕೊಂಡ ಡೆಡ್‌ಲೈನ್‌ಗಳಿಗೆ ಲೆಕ್ಕವಿಲ್ಲ.

## ಹಂತ 2: ಹಿಂದಿನ ಅಂಕ ಮರೆತು ಮುಂದಿನ ಆರು ವಾರ ಎಣಿಸಿ

ಸಲಾ 2024–25ರಲ್ಲಿ 29 ಗೋಲ್, 18 ಅಸಿಸ್ಟ್‌ನೊಂದಿಗೆ 344 ಫ್ಯಾಂಟಸಿ ಅಂಕ ಗಳಿಸಿದ. ಪಂದ್ಯಕ್ಕೆ ಸರಾಸರಿ 9. ಮುಂದಿನ ಸೀಸನ್‌ನ ಡ್ರಾಫ್ಟ್‌ಗಳಲ್ಲಿ ಆ 344 ನೋಡಿಕೊಂಡೇ ಬೆಲೆ ಕಟ್ಟಿದವರು ಬಹಳ. 2025ರ ಡಿಸೆಂಬರ್ ಮೊದಲ ವಾರದಲ್ಲಿ ಆತ ಲಿವರ್‌ಪೂಲ್‌ನ ಬೆಂಚ್ ಮೇಲಿದ್ದ. ಚೆಲ್ಸಿಯ ಕೋಲ್ ಪಾಮರ್ 2024ರ ಸೆಪ್ಟೆಂಬರ್‌ನಲ್ಲಿ ಬ್ರೈಟನ್ ವಿರುದ್ಧ ಮೊದಲಾರ್ಧದಲ್ಲೇ ನಾಲ್ಕು ಗೋಲ್ ಹೊಡೆದ. ಅದೇ ಸೀಸನ್‌ನಲ್ಲಿ ಜನವರಿ ಮಧ್ಯದಿಂದ ಮೇ 4ರವರೆಗೆ ಲೀಗ್‌ನಲ್ಲಿ ಅವನಿಗೆ ಒಂದು ಗೋಲೂ ಸಿಗಲಿಲ್ಲ. ಹೆಸರಿಗೆ ಬೆಲೆ ಕಟ್ಟಿದವರಿಗೆ ಇಂಥ ತಿಂಗಳುಗಳು ಕಾಣುವುದೇ ಇಲ್ಲ.

ಒಬ್ಬೊಬ್ಬ ಆಟಗಾರನಿಗೂ ‘ಮುಂದಿನ ಆರು ಪಂದ್ಯಗಳಲ್ಲಿ ಪಂದ್ಯಕ್ಕೆ ಇಷ್ಟು’ ಎಂಬ ಒಂದೇ ಅಂಕಿ ಬರೆಯಿರಿ. ಅದಕ್ಕೆ ಬರುವ ದಾರಿ ಹೀಗೆ.

ಮೊದಲು ನಿಮಿಷ. ಕಳೆದ ಆರು ಪಂದ್ಯಗಳಲ್ಲಿ ಎಷ್ಟು ಸಲ ಶುರುವಿನಿಂದ ಆಡಿದ, ಎಷ್ಟು ಸಲ 60 ನಿಮಿಷ ದಾಟಿದ? 60 ದಾಟಿದರೆ 2 ಅಂಕ, ದಾಟದಿದ್ದರೆ 1. ಅದಕ್ಕಿಂತ ಮುಖ್ಯ, ಗೋಲ್ ಹೊಡೆಯಲು ಮೈದಾನದ ಮೇಲಿರಬೇಕಲ್ಲ. 65ನೇ ನಿಮಿಷಕ್ಕೆ ಹೊರಗೆ ಕರೆಸಿಕೊಳ್ಳುವುದು ಮೂರು ಪಂದ್ಯಗಳಲ್ಲಿ ನಡೆದಿದ್ದರೆ ಅದು ಕಾಕತಾಳೀಯ ಅಲ್ಲ.

ಆಮೇಲೆ ಪೆನಾಲ್ಟಿ ಯಾರದು ಎಂದು ನೋಡಿ. ಮಿಡ್‌ಫೀಲ್ಡರ್ ಗೋಲಿಗೆ 5, ಫಾರ್ವರ್ಡ್ ಗೋಲಿಗೆ 4 ಅಂಕ. ಪೆನಾಲ್ಟಿ ಹೊಡೆಯುವವನು ಬದಲಾದರೆ ಸ್ಟಾರ್‌ನ ಬೆಲೆ ಒಂದೇ ವಾರದಲ್ಲಿ ಇಳಿಯಬೇಕು, ಆದರೆ ಲೀಗ್‌ನಲ್ಲಿ ಯಾರೂ ಗಮನಿಸಿರುವುದಿಲ್ಲ. ಮಾರಲು ಅಂಥ ವಾರ ಒಳ್ಳೆಯದು.

ಮೂರನೆಯದು ಎಕ್ಸ್‌ಜಿ. ಆರು ಪಂದ್ಯದಲ್ಲಿ 6 ಗೋಲ್ ಹೊಡೆದವನ ಎಕ್ಸ್‌ಜಿ 2.5 ಇದ್ದರೆ ಅವನು ದೂರದಿಂದ ಹೊಡೆದದ್ದು, ತಾಗಿ ಒಳಗೆ ಹೋದದ್ದು ಎಲ್ಲ ಕೂಡಿ ಆದ 6. ಸೂಲಂಗಿ ಬಿಟ್ಟ ಕಬ್ಬಿನ ಹಾಗೆ, ದೂರದಿಂದ ಚೆಂದ, ಗಾಣಕ್ಕೆ ಕೊಟ್ಟರೆ ಇಳುವರಿ ಇಲ್ಲ. ತಿರುಗುಮುರುಗಾಗಿ, ಎಕ್ಸ್‌ಜಿ 5 ಇದ್ದು ಗೋಲ್ 2 ಇರುವವನ ಮಾಲೀಕ ಬೇಸತ್ತು ಹೋಗಿರುತ್ತಾನೆ. ಅವನ ಬಳಿ ಹೋಗಿ. ಒಂದು ಎಚ್ಚರ: ಒಂದೆರಡು ಪಂದ್ಯದ ಎಕ್ಸ್‌ಜಿ ಹಿಡಿದು ತೀರ್ಮಾನ ಮಾಡಬೇಡಿ, ಆರಾದರೂ ಇರಲಿ. ಕೆಲವೇ ಕೆಲವರು ವರ್ಷಗಟ್ಟಲೆ ಅವಕಾಶಕ್ಕಿಂತ ಹೆಚ್ಚು ಹೊಡೆಯಬಲ್ಲರು, ಅಂಥವರಿಗೆ ಸ್ವಲ್ಪ ರಿಯಾಯಿತಿ ಕೊಡಿ.

ಕೊನೆಗೆ ವೇಳಾಪಟ್ಟಿ. ಇಂಗ್ಲೆಂಡಿನ ಬೇರೆ ಟೂರ್ನಿಗಳಾದ ಕ್ಯಾರಬಾವ್ ಕಪ್‌ನ ಫೈನಲ್, ಎಫ್‌ಎ ಕಪ್‌ನ ಸೆಮಿಫೈನಲ್ ವಾರಾಂತ್ಯಗಳಲ್ಲಿ ಅಲ್ಲಿಗೆ ತಲುಪಿದ ತಂಡಗಳ ಲೀಗ್ ಪಂದ್ಯ ಬೇರೆ ದಿನಕ್ಕೆ ಹೋಗುತ್ತದೆ. ಒಂದು ವಾರ ಖಾಲಿ, ಮುಂದೆಂದೋ ಎರಡು ಪಂದ್ಯ. ಆಫ್ರಿಕಾ ಕಪ್‌ನಂಥ ಟೂರ್ನಿ ಸೀಸನ್ ಮಧ್ಯೆ ಬಂದರೆ ಅಲ್ಲಿ ತನ್ನ ದೇಶಕ್ಕೆ ಆಡುವ ಆಟಗಾರ ತಿಂಗಳು ಇಲ್ಲ. ಸಲಾ 2024ರ ಜನವರಿಯಲ್ಲಿ ಹೀಗೇ ಹೋಗಿ, ಅಲ್ಲಿ ತೊಡೆಯ ಸ್ನಾಯುವಿಗೆ ಪೆಟ್ಟು ಮಾಡಿಕೊಂಡ. ಹಳದಿ ಕಾರ್ಡ್ ಕೂಡ ಎಣಿಸಿ: ತಂಡದ ಮೊದಲ 19 ಪಂದ್ಯದೊಳಗೆ ಐದು ಆದರೆ ಒಂದು ಪಂದ್ಯ ನಿಷೇಧ. ನಾಲ್ಕು ಕಾರ್ಡ್ ಇರುವವನನ್ನು ಪೂರ್ತಿ ಬೆಲೆ ಕೊಟ್ಟು ಕೊಳ್ಳಬೇಡಿ.

ಡಿಫೆಂಡರ್‌ಗಳ ಮಾತು ಬೇರೆ. 2025–26ರಿಂದ ಟ್ಯಾಕಲ್, ಇಂಟರ್‌ಸೆಪ್ಷನ್, ಕ್ಲಿಯರೆನ್ಸ್, ಬ್ಲಾಕ್ ಸೇರಿ 10 ಆದರೆ ಡಿಫೆಂಡರ್‌ಗೆ 2 ಅಂಕ ಸಿಗುತ್ತಿದೆ. ಇದರಿಂದ ಹೆಸರಿಲ್ಲದ ಸೆಂಟರ್‌ಬ್ಯಾಕ್‌ಗಳೂ, ಅಂದರೆ ಗೋಲಿನ ಮುಂದೆ ಮಧ್ಯದಲ್ಲಿ ನಿಲ್ಲುವವರೂ, ವಾರ ವಾರ 4 ಅಂಕ ತರುತ್ತಾರೆ. ಅಂಚಿನಲ್ಲಿ ಓಡಿ ದಾಳಿಗೆ ಹೋಗುವ ಫುಲ್‌ಬ್ಯಾಕ್ ಸ್ಟಾರ್‌ಗೆ ಹಳೆಯ ಬೆಲೆ ಕೊಡುವ ಕಾಲ ಮುಗಿದಿದೆ.

## ಹಂತ 3: ಪುಕ್ಕಟೆ ಸಿಗುವವರಿಂದ ಶುರು ಮಾಡಿ

ಎಡವುವುದು ಇಲ್ಲೇ ಜಾಸ್ತಿ, ಅದಕ್ಕೆ ಇಲ್ಲಿ ನಿಧಾನವಾಗಿ ಹೋಗೋಣ.

ಆಟಗಾರನ ಬೆಲೆ ಎಂದರೆ ಅವನ ಅಂಕ ಅಲ್ಲ. ಅವನ ಜಾಗಕ್ಕೆ ಖಾಲಿ ಪಟ್ಟಿಯಿಂದ ತರಬಹುದಾದ ಅತ್ಯುತ್ತಮ ಆಟಗಾರನಿಗಿಂತ ಅವನು ಎಷ್ಟು ಹೆಚ್ಚು ಎನ್ನುವುದು. ಎಂಟು ತಂಡದ ಲೀಗ್‌ನಲ್ಲಿ 24 ಫಾರ್ವರ್ಡ್‌ಗಳು, 40 ಮಿಡ್‌ಫೀಲ್ಡರ್‌ಗಳು, 16 ಕೀಪರ್‌ಗಳು ಒಬ್ಬರಲ್ಲ ಒಬ್ಬರ ಕೈಯಲ್ಲಿರುತ್ತಾರೆ. ಪ್ರೀಮಿಯರ್ ಲೀಗ್‌ನಲ್ಲಿ 20 ಕ್ಲಬ್, ಬಹುತೇಕ ಎಲ್ಲರೂ ಒಬ್ಬನೇ ಸ್ಟ್ರೈಕರ್ ಇಟ್ಟು ಆಡುತ್ತಾರೆ. ಅಂದರೆ ದಿನವೂ ಆಡುವ ಫಾರ್ವರ್ಡ್‌ಗಳು ಮುಗಿದುಹೋಗಿದ್ದಾರೆ, ಖಾಲಿ ಉಳಿದವರು 75ನೇ ನಿಮಿಷಕ್ಕೆ ಬರುವವರು. ಆದರೆ ಪ್ರತಿ ಕ್ಲಬ್ಬಿನಲ್ಲೂ ನಾಲ್ಕೈದು ಮಿಡ್‌ಫೀಲ್ಡರ್‌ಗಳು ಆಡುತ್ತಾರೆ, ರೆಕ್ಕೆಯ ಮೇಲೆ, ಅಂದರೆ ಮೈದಾನದ ಅಂಚಿನಲ್ಲಿ ಆಡುವ ಬಹಳ ಜನರನ್ನೂ ಆಟ ಮಿಡ್‌ಫೀಲ್ಡರ್ ಎಂದೇ ಎಣಿಸುತ್ತದೆ. 40 ಹೋದರೂ ಅಷ್ಟೇ ಜನ ಉಳಿದಿರುತ್ತಾರೆ. ಕೀಪರ್‌ಗಳಂತೂ ದಿನವೂ ಆಡುವ ನಾಲ್ವರು ಖಾಲಿ. ಅದಕ್ಕೇ ಸ್ಟಾರ್ ಕೀಪರ್‌ಗೆ ಟ್ರೇಡ್‌ನಲ್ಲಿ ಏನೂ ಕೊಡಬೇಡಿ.

ಲೀಗ್‌ನ ಗಾತ್ರ ಬದಲಾದರೆ ಎಲ್ಲ ಬದಲಾಗುತ್ತದೆ. ನಾಲ್ಕು ತಂಡದ ಲೀಗ್‌ನಲ್ಲಿ ಖಾಲಿ ಪಟ್ಟಿಯೇ ಒಳ್ಳೆಯ ತಂಡ, ಅಲ್ಲಿ ಸ್ಟಾರ್ ಬಿಟ್ಟುಕೊಟ್ಟರೆ ಕೆಟ್ಟಿರಿ. ಹನ್ನೆರಡು ತಂಡದಲ್ಲಿ ಮಧ್ಯಮದವರೂ ಬಂಗಾರ, ಅಲ್ಲಿ ಸ್ಟಾರ್ ಮಾರಿ ಇಬ್ಬರನ್ನು ತರುವುದಕ್ಕೆ ಅರ್ಥವಿದೆ.

ಈಗ ಲೆಕ್ಕ. ನಿಮ್ಮ ಐವರು ಮಿಡ್‌ಫೀಲ್ಡರ್‌ಗಳು ಪಂದ್ಯಕ್ಕೆ 6.5, 3.2, 3.0, 2.6, 2.4 ತರುತ್ತಾರೆ ಎಂದುಕೊಳ್ಳಿ. ನಾಲ್ವರನ್ನು ಇಳಿಸುತ್ತೀರಿ: 15.3. ಗೆಳೆಯನೊಬ್ಬ ನಿಮ್ಮ 6.5 ಮತ್ತು 2.4ಕ್ಕೆ ಬದಲಾಗಿ 4.8ರ ಇಬ್ಬರನ್ನು ಕೊಡುತ್ತೇನೆ ಎನ್ನುತ್ತಾನೆ. ಆಗ ನಿಮ್ಮ ನಾಲ್ವರು 4.8, 4.8, 3.2, 3.0, ಒಟ್ಟು 15.8. ಅರ್ಧ ಅಂಕ ಲಾಭ. ಬಹುತೇಕರು ಇಲ್ಲೇ ‘ಓಕೆ’ ಒತ್ತುತ್ತಾರೆ.

ತಡೆಯಿರಿ. ಖಾಲಿ ಪಟ್ಟಿಯಲ್ಲಿ 3.3 ತರುವ ಇಬ್ಬರು ಮಿಡ್‌ಫೀಲ್ಡರ್‌ಗಳಿದ್ದಾರೆ. 2.6 ಮತ್ತು 2.4 ಅನ್ನು ಕೈಬಿಟ್ಟು ಅವರನ್ನು ವೇವರ್‌ನಲ್ಲಿ ತಂದರೆ ನಿಮ್ಮ ನಾಲ್ವರು 6.5, 3.3, 3.3, 3.2, ಒಟ್ಟು 16.3. ಸ್ಟಾರ್ ಮನೆಯಲ್ಲೇ ಇದ್ದಾನೆ, ಒಂದು ಅಂಕ ಪುಕ್ಕಟೆ ಬಂತು. ಈಗ ಅದೇ ಟ್ರೇಡ್ ಮಾಡಿ ನೋಡಿ: 6.5 ಮತ್ತು 3.0 ಕೊಟ್ಟು 4.8ರ ಇಬ್ಬರನ್ನು ತಂದರೆ 4.8, 4.8, 3.3, 3.3, ಒಟ್ಟು 16.2. ಲಾಭ ಎನಿಸಿದ್ದು 0.1 ನಷ್ಟವಾಯಿತು. ಆ ಅರ್ಧ ಅಂಕ ಟ್ರೇಡ್‌ನಿಂದ ಬಂದದ್ದಲ್ಲ, ನಿಮ್ಮ ಬೆಂಚ್‌ನ ಕಸ ಗುಡಿಸಿದ್ದರಿಂದ ಬಂದದ್ದು. ಕಸ ಗುಡಿಸಲು ಸ್ಟಾರ್ ಮಾರಬೇಕಿಲ್ಲ.

ಹಾಗಾಗಿ ವೇವರ್ ಮೊದಲು, ಟ್ರೇಡ್ ನಂತರ. ಇದು ತಪ್ಪಿದರೆ ಮುಂದಿನದೆಲ್ಲ ತಪ್ಪು. ಇನ್ನೊಂದು ಮಾತು: ಇಬ್ಬರ ಅಂಕ ಕೂಡಿ ಒಬ್ಬನ ಅಂಕದ ಜೊತೆ ಹೋಲಿಸಬೇಡಿ. ಯಾವಾಗಲೂ ಟ್ರೇಡ್‌ಗೆ ಮುಂಚಿನ ಹನ್ನೊಂದು, ಆಮೇಲಿನ ಹನ್ನೊಂದು, ಇವೆರಡನ್ನೇ ಹೋಲಿಸಿ. ಬೆಂಚ್ ಮೇಲೆ ಕೂತವನ ಅಂಕ ಯಾರಿಗೂ ಬರುವುದಿಲ್ಲ.

## ಹಂತ 4: ಎದುರಿನವರ ತಂಡವನ್ನು ಅವರಿಗಿಂತ ಚೆನ್ನಾಗಿ ಓದಿ

ಪ್ರತಿ ತಂಡದ ಮುಂದೆ ಎರಡು ಪದ ಬರೆಯಿರಿ: ಎಲ್ಲಿ ತುಂಬಿದೆ, ಎಲ್ಲಿ ಸೊರಗಿದೆ. ತುಂಬಿರುವ ಕಡೆಯ ನಾಲ್ಕನೆಯ, ಐದನೆಯ ಆಟಗಾರನನ್ನು ಕೇಳಬೇಕು. ಅವನು ಅಲ್ಲಿ ಬೆಂಚ್ ಮೇಲಿದ್ದಾನೆ, ಕೊಟ್ಟರೂ ಅವರಿಗೆ ನಷ್ಟವಿಲ್ಲ.

ಮೇಲಿನ ಉದಾಹರಣೆಯನ್ನೇ ಮುಂದುವರಿಸೋಣ. ಆ ಗೆಳೆಯನ ಮಿಡ್‌ಫೀಲ್ಡ್ 4.8, 4.8, 4.6, 4.5, 4.4. ನಾಲ್ವರು ಸೇರಿ 18.7. ನಿಮ್ಮ ಸ್ಟಾರ್ ಹೋದರೆ ಅವನ ನಾಲ್ವರು 6.5, 4.6, 4.5, 4.4, ಒಟ್ಟು 20.0. ಅವನಿಗೆ 1.3 ಲಾಭ, ನಿಮಗೆ 0.1 ನಷ್ಟ. ಇಷ್ಟು ಗೊತ್ತಾದರೆ ಇನ್ನೇನು ಕೇಳಬಹುದು ಎನ್ನುವುದೂ ಗೊತ್ತಾಗುತ್ತದೆ. ಅವನು 4-4-2 ಆಡುತ್ತಾನೆ, ಅಂದರೆ ನಾಲ್ವರು ಡಿಫೆಂಡರ್, ನಾಲ್ವರು ಮಿಡ್‌ಫೀಲ್ಡರ್, ಇಬ್ಬರೇ ಫಾರ್ವರ್ಡ್; ಮೂರನೆಯ ಫಾರ್ವರ್ಡ್ 4.0 ಬೆಂಚ್ ಮೇಲಿದ್ದಾನೆ. ನಿಮ್ಮ ಎರಡನೆಯ ಫಾರ್ವರ್ಡ್ 2.6. ಈ ಅದಲುಬದಲನ್ನೂ ಸೇರಿಸಿ. ಅವನ ಹನ್ನೊಂದರಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ, ಲಾಭ 1.3ರಲ್ಲೇ ಉಳಿಯುತ್ತದೆ. ನಿಮಗೆ ಫಾರ್ವರ್ಡ್‌ನಲ್ಲಿ 1.4 ಬಂದು, ಮಿಡ್‌ಫೀಲ್ಡ್‌ನಲ್ಲಿ 0.1 ಹೋಗಿ, 1.3 ಲಾಭ. ಮೂರಕ್ಕೆ ಮೂರು, ಇಬ್ಬರಿಗೂ ಸಮ. ಖಾಲಿ ಪಟ್ಟಿಯಲ್ಲಿ ಫಾರ್ವರ್ಡ್ ಸಿಗುವುದೇ ಇಲ್ಲವಾದ್ದರಿಂದ ಈ 1.4 ಬೇರೆ ದಾರಿಯಲ್ಲಿ ಬರುತ್ತಿರಲಿಲ್ಲ.

ಎದುರಿನವರ ಕ್ಲಬ್ ನಿಷ್ಠೆಯನ್ನೂ ಬರೆದಿಟ್ಟುಕೊಳ್ಳಿ. ಆರ್ಸೆನಲ್ ಜೆರ್ಸಿ ಹಾಕಿಕೊಂಡೇ ಕ್ರಿಕೆಟ್ ಆಡಲು ಬರುವವರು ಆ ಕ್ಲಬ್ಬಿನ ಆಟಗಾರ ಸಾಕಾಗೆ ಅರ್ಧ ಅಂಕ ಹೆಚ್ಚೇ ಕೊಡುತ್ತಾರೆ. ಅವರಿಂದ ಸಾಕಾನನ್ನು ಕೊಳ್ಳಲು ಹೋಗಬೇಡಿ.

ಹೆಡ್ ಟು ಹೆಡ್ ಲೀಗ್ ಆದರೆ ಒಂದು ಹೆಚ್ಚುವರಿ ಎಚ್ಚರ. ಮುಂದಿನ ಎರಡು ವಾರದಲ್ಲಿ ನಿಮ್ಮನ್ನೇ ಎದುರಿಸಲಿರುವವರಿಗೆ ಸ್ಟಾರ್ ಕೊಡಬೇಡಿ. ಒಟ್ಟು ಅಂಕದ ಲೀಗ್‌ನಲ್ಲಿ ನಿಮಗಿಂತ ಸ್ವಲ್ಪ ಮೇಲಿರುವವರಿಗೆ ಸಮ ಟ್ರೇಡ್ ಕೂಡ ಬೇಡ. ಅವರ ಲಾಭವೂ ನಿಮ್ಮ ನಷ್ಟವೇ.

## ಹಂತ 5: ವಾರ ಆರಿಸಿ

ಮಾರಲು ಸರಿಯಾದ ಹೊತ್ತು ಸ್ಟಾರ್ ಎರಡು ಗೋಲ್ ಹೊಡೆದ ಭಾನುವಾರದಿಂದ ಮಂಗಳವಾರದವರೆಗೆ. ಬುಧವಾರಕ್ಕೆ ಜನ ಮುಂದಿನ ಪಂದ್ಯ ಯಾರ ವಿರುದ್ಧ ಎಂದು ನೋಡಲು ಶುರು ಮಾಡುತ್ತಾರೆ. ವೇಳಾಪಟ್ಟಿ ಕಷ್ಟವಾಗುವುದಕ್ಕೆ ಎರಡು ವಾರ ಮುಂಚೆ ಮಾರಿ. ಕಷ್ಟದ ಪಂದ್ಯ ಎದುರಿಗೆ ಬಂದು ನಿಂತ ಮೇಲೆ ಎಲ್ಲರಿಗೂ ಕಾಣುತ್ತದೆ.

ಕೊಳ್ಳಲು ಸರಿಯಾದ ಹೊತ್ತು ಸ್ಟಾರ್ ಸತತ ಮೂರು ವಾರ 2 ಅಂಕ ತಂದ ಮೇಲೆ, ನಿಮಿಷ ಮತ್ತು ಎಕ್ಸ್‌ಜಿ ಎರಡೂ ಗಟ್ಟಿಯಾಗಿದ್ದರೆ ಮಾತ್ರ. ನಿಮಿಷ ಕಡಿಮೆಯಾಗಿದ್ದರೆ ಅದು ಅದೃಷ್ಟದ ಆಟವಲ್ಲ, ಕೋಚ್‌ನ ತೀರ್ಮಾನ.

ಗಾಯಗೊಂಡವನನ್ನು ಅಗ್ಗಕ್ಕೆ ಕೊಳ್ಳುವುದು ಪ್ರತ್ಯೇಕ ವಿದ್ಯೆ. ಹಾಲಂಡ್ 2023ರ ಡಿಸೆಂಬರ್‌ನಲ್ಲಿ ಪಾದದ ಪೆಟ್ಟಿನಿಂದ ಹೊರಗುಳಿದು 2024ರ ಜನವರಿ 31ಕ್ಕೆ ಮರಳಿದ. ಆ ಸೀಸನ್ 27 ಗೋಲ್‌ಗಳೊಂದಿಗೆ ಅತಿ ಹೆಚ್ಚು ಹೊಡೆದವನೂ ಆತನೇ. ಜನವರಿ ಮಧ್ಯದಲ್ಲಿ ಕೊಂಡವರಿಗೆ ಚಿನ್ನ. ಆದರೆ ಸಾಕಾ 2024ರ ಡಿಸೆಂಬರ್‌ನಲ್ಲಿ ತೊಡೆಯ ಹಿಂದಿನ ಸ್ನಾಯು ಹರಿದುಕೊಂಡು ಮರಳಿದ್ದು ಏಪ್ರಿಲ್‌ಗೆ. ಡ್ರಾಫ್ಟ್‌ನಲ್ಲಿ ಗಾಯಾಳುಗಳಿಗೆ ಬೇರೆ ಜಾಗವಿಲ್ಲ, ಹದಿನೈದರಲ್ಲೇ ಒಂದು ಕುರ್ಚಿ ಹಿಡಿದು ಕೂರುತ್ತಾರೆ. ಹಾಗಾಗಿ ಕೋಚ್ ‘ಅಭ್ಯಾಸಕ್ಕೆ ಮರಳಿದ್ದಾನೆ’ ಎಂದ ಮೇಲೆ ಮಾತ್ರ ಕೇಳಿ, ಅದಕ್ಕೂ ಮುಂಚೆ ಬೇಡ. ಸ್ನಾಯು ಹರಿದದ್ದಾದರೆ ಮರಳಿದ ಮೊದಲ ಎರಡು ಪಂದ್ಯಗಳಿಗೆ ಅರ್ಧ ನಿಮಿಷಗಳನ್ನೇ ಲೆಕ್ಕ ಹಿಡಿಯಿರಿ.

## ಹಂತ 6: ಆಫರ್ ಕಳಿಸುವುದು

ಗ್ರೂಪಿನಲ್ಲಿ ಬೆಲೆ ಮಾತಾಡಬೇಡಿ. ಪಾಂಡವಪುರದ ಬೇಬಿಬೆಟ್ಟದ ದನಗಳ ಜಾತ್ರೆಯಲ್ಲಿ ದಲ್ಲಾಳಿಗಳು ಟವಲ್ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವುದು ಸುಮ್ಮನೆ ಅಲ್ಲ. ಸುತ್ತ ನಿಂತವರಿಗೆ ಬೆಲೆ ಕಂಡರೆ ಮುಂದಿನ ಗಿರಾಕಿ ಅಲ್ಲಿಂದಲೇ ಶುರು ಮಾಡುತ್ತಾನೆ. ಗ್ರೂಪಿನಲ್ಲಿ ಹೇಳಬೇಕಾದದ್ದು ಇಷ್ಟೇ: ‘ಪಾಮರ್‌ಗೆ ಯಾರಾದರೂ ಕೇಳುವವರಿದ್ದರೆ ಪರ್ಸನಲ್‌ಗೆ ಬನ್ನಿ.’ ಬೆಲೆ ಅವರ ಬಾಯಿಂದ ಮೊದಲು ಬರಲಿ.

ನೀವೇ ಹೋಗಬೇಕಾದರೆ ಮೊದಲು ಅವರ ತೊಂದರೆಯ ಮಾತು ಎತ್ತಿ, ಆಮೇಲೆ ನಿಮ್ಮ ಆಟಗಾರನ ಹೆಸರು.

‘ಮಗಾ, ನಿನ್ ಮಿಡ್‌ಫೀಲ್ಡ್‌ನಲ್ಲಿ ಐದೂ ಜನ ಒಂದೇ ಥರ. ವಾರಕ್ಕೆ ಒಬ್ರನ್ನ ಬೆಂಚ್ ಮೇಲೆ ಕೂರಿಸಿ ಹೊಟ್ಟೆ ಉರ್ಕೋತೀಯ. ಇಬ್ರು ಕೊಡು, ನನ್ ಸ್ಟಾರ್ ತಗೋ. ಫಾರ್ವರ್ಡ್ ಒಂದು ಆಚೆ ಈಚೆ ಮಾಡ್ಕೊಳೋಣ.’

ಸುಳ್ಳು ಹೇಳಬೇಡಿ, ಅದರಲ್ಲೂ ಗಾಯದ ವಿಷಯದಲ್ಲಿ. ಸಂಜೆ ಆರಕ್ಕೆ ಕೋಚ್‌ನ ಪತ್ರಿಕಾಗೋಷ್ಠಿ ನೋಡಿ ‘ಅವನು ಫಿಟ್ ಕಣೋ’ ಎಂದು ಏಳಕ್ಕೆ ಮಾರಿದರೆ ಆ ಲೀಗ್‌ನಲ್ಲಿ ನಿಮ್ಮ ಜೊತೆ ಮತ್ತೆ ಯಾರೂ ವ್ಯವಹಾರ ಮಾಡುವುದಿಲ್ಲ. ಸೀಸನ್ 38 ವಾರ ಇರುತ್ತದೆ.

ಮೊದಲ ಆಫರ್ ನಿಮ್ಮ ಕೊನೆಯ ಬೆಲೆಗಿಂತ ಸ್ವಲ್ಪವೇ ಕೆಳಗಿರಲಿ. ಹಾಲಂಡ್‌ಗೆ ಬದಲಾಗಿ ಬೆಂಚ್‌ನ ಇಬ್ಬರು ಎಂಬಂಥ ಆಫರ್ ಕಳಿಸಿದರೆ ಎದುರಿನವರು ಮುಂದಿನದನ್ನು ಓದುವುದೂ ಇಲ್ಲ. ಒಂದೇ ಸಲ ಐದು ಜನರಿಗೆ ಒಂದೇ ಆಫರ್ ಕಳಿಸುವುದೂ ಕೆಟ್ಟ ಅಭ್ಯಾಸ. ಸಂಜೆ ಟೀ ಅಂಗಡಿಯಲ್ಲಿ ಅವರೆಲ್ಲ ಸೇರುತ್ತಾರೆ, ಗೊತ್ತಾಗುತ್ತದೆ.

ಪಕ್ಕದ ಲಂಚವೂ ಬೇಡ. ‘ಸಲಾ ಕೊಡು, ಭಾನುವಾರ ಪಲಾವ್ ನನ್ನದು’ ಎನ್ನುವುದು ತಮಾಷೆಗೆ ಶುರುವಾಗಿ ಲೀಗ್ ಒಡೆಯುವುದರಲ್ಲಿ ಮುಗಿಯುತ್ತದೆ. ಆಟಗಾರರಿಗೆ ಆಟಗಾರರು, ಅಷ್ಟೇ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆ 2025ರ ಆಗಸ್ಟ್‌ನಲ್ಲೇ ಬಂದಿದೆ. ಈ ಆಟ ಉಚಿತ, ಅದು ಹಾಗೇ ಇರಲಿ.

## ಹಂತ 7: ಎದುರಾಫರ್ ಬಂದಾಗ

ಉತ್ತರ ಕೊಡುವ ಮುಂಚೆ ಹನ್ನೊಂದರ ಲೆಕ್ಕ ಮತ್ತೆ ಹಾಕಿ. ಚೌಕಾಸಿಯಲ್ಲಿ ಡಮ್ಮಿಗಳು ಬದಲಾಗುತ್ತಾ ಹೋಗುತ್ತಾರೆ, ಮೂರನೇ ಸುತ್ತಿಗೆ ನೀವು ಒಪ್ಪುತ್ತಿರುವುದು ಶುರುವಿನ ಟ್ರೇಡ್ ಆಗಿರುವುದಿಲ್ಲ. ನಿಮ್ಮ ಕೊನೆಯ ಬೆಲೆಯನ್ನು ಮೊದಲೇ ನೋಟ್‌ಬುಕ್‌ನಲ್ಲಿ ಬರೆದಿಡಿ. ಪಂದ್ಯಕ್ಕೆ ಅರ್ಧ ಅಂಕಕ್ಕಿಂತ ಕಡಿಮೆ ಲಾಭವಾದರೆ ಬಿಟ್ಟುಬಿಡಿ. ನಿಮ್ಮ ಅಂದಾಜಿನಲ್ಲೇ ಅಷ್ಟು ತಪ್ಪು ಇರುತ್ತದೆ.

ಕೆಳಗಿನವು ಕಂಡರೆ ಕೈ ಹಿಂದೆ ತಗೊಳ್ಳಿ:

- ಡೆಡ್‌ಲೈನ್‌ಗೆ ಒಂದು ಗಂಟೆ ಇರುವಾಗ ‘ಈಗಲೇ ಒಪ್ಪು, ಇಲ್ಲಾಂದ್ರೆ ಬೇರೆಯವರಿಗೆ’ ಎಂಬ ಅವಸರ. ಅವರಿಗೆ ಏನೋ ಸುದ್ದಿ ತಲುಪಿದೆ.
- ನೀವು ಕೇಳದ ಸ್ಟಾರ್ ತಾನಾಗಿ ಬಾಗಿಲಿಗೆ ಬಂದದ್ದು. ಮೊದಲು ಅವನ ಹೆಸರಿನ ಪಕ್ಕದ ಬಾವುಟ ನೋಡಿ, ಹಳದಿ ಇದ್ದರೆ ಆಡುವುದು ಅನುಮಾನ, ಕೆಂಪು ಇದ್ದರೆ ಇಲ್ಲ. ಬಾವುಟ ಇಲ್ಲದಿದ್ದರೆ ಕಾರ್ಡ್ ಎಣಿಸಿ, ಆಮೇಲೆ ಆ ಕ್ಲಬ್ ಅದೇ ಜಾಗಕ್ಕೆ ಹೊಸಬನನ್ನು ಕೊಳ್ಳುತ್ತಿದೆಯಾ ನೋಡಿ.
- ಆಟಗಾರನೇ ಕ್ಲಬ್ ಬಿಡುವ ಸುದ್ದಿ. ಇಂಗ್ಲೆಂಡ್ ಬಿಟ್ಟು ಬೇರೆ ದೇಶಕ್ಕೆ ಹೋದರೆ ನಿಮ್ಮ ಕೈಯಲ್ಲಿ ಉಳಿಯುವುದು ಸೊನ್ನೆ. ಕ್ಲಬ್‌ಗಳು ಆಟಗಾರರನ್ನು ಕೊಂಡು ಮಾರುವ ಜನವರಿ ಪೂರ್ತಿ ಈ ಭಯ ಇದ್ದದ್ದೇ.
- ಟ್ರೇಡ್ ಆದ ಮೇಲೆ ನಿಮ್ಮ ಹನ್ನೊಂದರಲ್ಲಿ ಒಂದೇ ಕ್ಲಬ್ಬಿನ ನಾಲ್ವರು. ಡ್ರಾಫ್ಟ್‌ನಲ್ಲಿ ಕ್ಲಾಸಿಕ್‌ನ ಮೂವರ ಮಿತಿ ಇಲ್ಲ, ಅದೇ ಬಲೆ. ಆ ಕ್ಲಬ್‌ಗೆ ಖಾಲಿ ವಾರ ಬಂದರೆ ನಾಲ್ವರೂ ಒಟ್ಟಿಗೆ ಮನೆಯಲ್ಲಿ.

## ಹಂತ 8: ಒಪ್ಪಿಗೆಯಾದ ಮೇಲೆ

ಬಾಯಿಮಾತಿಗೆ ನಿಲ್ಲಿಸಬೇಡಿ, ಆ್ಯಪ್‌ನಲ್ಲಿ ಆಫರ್ ಹಾಕಿ, ಅವರು ಒಪ್ಪಿದ್ದು ಕಾಣುವವರೆಗೆ ಏನೂ ಆಗಿಲ್ಲ ಎಂದೇ ತಿಳಿಯಿರಿ. ವೀಟೋ ಇರುವ ಲೀಗ್‌ನಲ್ಲಿ ಲೆಕ್ಕವನ್ನು ಎರಡು ಸಾಲಿನಲ್ಲಿ ಗ್ರೂಪಿಗೆ ಹಾಕಿ: ಯಾರ ಹನ್ನೊಂದು ಎಷ್ಟಿತ್ತು, ಎಷ್ಟಾಯಿತು. ಇಬ್ಬರಿಗೂ ಲಾಭ ಇರುವುದು ಕಂಡರೆ ವೀಟೋ ಬೀಳುವುದು ಕಡಿಮೆ. ಹಾಗೆ ತೋರಿಸಲು ಹಿಂಜರಿಕೆ ಆಗುತ್ತಿದ್ದರೆ ಆ ಟ್ರೇಡ್‌ನಲ್ಲಿ ಎಲ್ಲೋ ಹುಳುಕಿದೆ.

ಟ್ರೇಡ್‌ನಲ್ಲಿ ಹೋಗುತ್ತಿರುವ ಆಟಗಾರನನ್ನು ಅದೇ ವಾರದ ವೇವರ್ ಅರ್ಜಿಯಲ್ಲಿ ‘ಕೈಬಿಡುವವನು’ ಎಂದು ಹಾಕಿಟ್ಟಿದ್ದೀರಾ ನೋಡಿ, ಇದ್ದರೆ ತಕ್ಷಣ ತೆಗೆಯಿರಿ. ಎರಡು ಕಡೆ ಒಬ್ಬನನ್ನೇ ಒಪ್ಪಿಸಿದರೆ ಒಂದು ಕಡೆ ಮಾತು ಮುರಿದು ಬೀಳುತ್ತದೆ, ಬಹಳ ಸಲ ಅದು ದೊಡ್ಡದೇ ಆಗಿರುತ್ತದೆ.

ಹೊಸಬರು ಬಂದ ಮೇಲೆ ಬೆಂಚ್‌ನ ಕ್ರಮ ಸರಿಪಡಿಸಿ. ಅಂತಿಮ ಹನ್ನೊಂದರ ಪಟ್ಟಿ ನಮ್ಮ ಡೆಡ್‌ಲೈನ್ ಮುಗಿದ ಮೇಲೇ ಹೊರಬರುತ್ತದೆ. ಸ್ಟಾರ್ ಆಡದಿದ್ದರೆ ಬೆಂಚ್‌ನ ಮೊದಲನೆಯವನು ಒಳಗೆ ಬರುತ್ತಾನೆ. ಆ ಜಾಗದಲ್ಲಿ ದಿನವೂ 90 ನಿಮಿಷ ಆಡುವ ಸೆಂಟರ್‌ಬ್ಯಾಕ್ ಒಬ್ಬ ಇರಲಿ.

ಮುಂದಿನ ಟ್ರೇಡ್‌ಗೆ ಕನಿಷ್ಠ ನಾಲ್ಕು ವಾರ ಬಿಡಿ. ಕೊಟ್ಟ ಸ್ಟಾರ್ ಮುಂದಿನ ಶನಿವಾರವೇ ಹ್ಯಾಟ್ರಿಕ್ ಹೊಡೆಯಬಹುದು, ಗ್ರೂಪಿನಲ್ಲಿ ಸ್ಟಿಕ್ಕರ್‌ಗಳ ಸುರಿಮಳೆಯೂ ಆಗಬಹುದು. ಆ ರಾತ್ರಿ ಅವನನ್ನು ವಾಪಸ್ ಕೇಳಲು ಹೋದರೆ ಮೇಲೆ ಹೇಳಿದ ‘ಎರಡು ಗೋಲ್ ಹೊಡೆದ ಭಾನುವಾರ’ದ ಗಿರಾಕಿ ನೀವೇ ಆಗಿರುತ್ತೀರಿ.